ಹಿನ್ನಡೆಯ ದೀಪ

ಹಳೆಯ ದೇವಾಲಯಗಳಿಗೆ ಜೀರ್ಣೋದ್ಧಾರವಿರುವಂತೆ ಹಳೆಯ ವಾಹನಗಳಿಗೂ ಜೀರ್ಣೋದ್ಧಾರವುಂಟು. ಜೀಪು, ಲ್ಯಾಂಡ್ ರೋವರ್, ಲ್ಯಾಂಡ್ ಕ್ರೂಸರ್ ಮೊದಲಾದ ಕಾಡುಮೇಡಿನ ವಾಹನಗಳನ್ನು ಬಿಚ್ಚಿ, ತುಕ್ಕು ಕೆರೆದು, ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪಕ್ಕೆ ಮರಳಿಸಬೇಕೆಂದು ಶ್ರಮಿಸುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಎಂಜಿನು, ಚಾಸಿಗಳ ವಿಷಯದಲ್ಲಿ ಅವರಿಗೆ ಅಷ್ಟು ಸಂದೇಹ ಹುಟ್ಟುವುದಿಲ್ಲ. ಅವುಗಳ ಮೈಮೇಲೆಯೇ ಸಂಖ್ಯೆ ಒತ್ತಿರುತ್ತದೆ. ಅವರನ್ನು ಬಹುಕಾಲ ಕಾಡುವುದು ಅಂಗೈಯಗಲದ ಒಂದು ವಸ್ತು. ವಾಹನ ಹಿಂದಕ್ಕೆ ಸರಿಯುವಾಗ ಉರಿಯುವ ಬಿಳಿಯ ದೀಪ, ನಮ್ಮ ಗ್ಯಾರೇಜುಗಳ ಮಾತಿನಲ್ಲಿ ರಿವರ್ಸ್ ಲೈಟು. ಇದು ಈ ವಾಹನದ್ದೇ ಹೌದೆ, ಅಥವಾ ನಡುವೆ ಬಂದು ಸೇರಿಕೊಂಡದ್ದೆ? ಪ್ರಶ್ನೆ ಚಿಕ್ಕದು. ಆದರೆ ಓಲೆಗರಿಯ ಪ್ರತಿಯಲ್ಲಿ ಕಂಡ ಒಂದು ಪದ್ಯ ಕವಿಯದೋ ಲಿಪಿಕಾರನದೋ ಎಂದು ತೂಗಿ ನೋಡುವ ಗ್ರಂಥಸಂಪಾದಕನ ಪ್ರಶ್ನೆಗೂ ಇದಕ್ಕೂ ಬಹಳ ದೂರವಿಲ್ಲ.

ಹಿಂಬದಿಯ ದೀಪದ ಬಗೆಗೇ ಈ ಸಂದೇಹವೇಕೆ? ಕಾಡಿನಲ್ಲಿ, ಹೊಲದಲ್ಲಿ, ಗಣಿಯಲ್ಲಿ ದುಡಿದ ವಾಹನ ಹಿಂದೆ ಸರಿಯುತ್ತ ಮರಕ್ಕೋ ಬಂಡೆಗೋ ತಗುಲಿದರೆ ಮೊದಲು ಒಡೆಯುವುದು ಅದೇ. ಒಡೆದುದರ ಜಾಗಕ್ಕೆ ಪೇಟೆಯಲ್ಲಿ ಸಿಕ್ಕಿದ್ದನ್ನು ತಂದು ಕೂಡಿಸುತ್ತಾರೆ. ಮೂವತ್ತು ನಲವತ್ತು ವರ್ಷ ಕಳೆಯುವಷ್ಟರಲ್ಲಿ ಆ ಬದಲಿ ದೀಪಕ್ಕೂ ಮುಪ್ಪು ಬಂದಿರುತ್ತದೆ. ಗಾಜು ಮಂಕಾಗಿ, ಸ್ಕ್ರೂಗಳು ತುಕ್ಕು ಹಿಡಿದು, ಅದು ವಾಹನದ ಜೊತೆಯಲ್ಲೇ ಹುಟ್ಟಿದಂತೆ ತೋರುತ್ತದೆ. ಕೊಳ್ಳುವವನು ಹಳತೆಂಬ ಕಾರಣಕ್ಕೆ ಮೂಲವೆಂದು ನಂಬಿ ಹೆಚ್ಚಿನ ಬೆಲೆ ಕೊಡುತ್ತಾನೆ. ಹಳತೆಲ್ಲ ಮೂಲವಲ್ಲ ಎಂಬುದು ಈ ವಿದ್ಯೆಯ ಮೊದಲ ಪಾಠ.

ಎರಡನೆಯ ಪಾಠ ಇನ್ನೂ ಕಠಿಣ. ದೀಪ ಇಲ್ಲದಿರುವುದೇ ಮೂಲಸ್ಥಿತಿಯಾಗಿರಬಹುದು. ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಅವುಗಳ ಹಿಂಭಾಗಕ್ಕೆ ಮಿಣುಕುವ ಮರೆದೀಪಗಳನ್ನು ಕೊಟ್ಟಿದ್ದರು. ರಿವರ್ಸ್ ಲೈಟು ಇರಲೇ ಇಲ್ಲ. ಅಂಥ ಜೀಪಿಗೆ ಎಷ್ಟೇ ಅಂದವಾದ ಹಳೆಯ ದೀಪ ಹಾಕಿದರೂ ಅದು ಪ್ರಕ್ಷಿಪ್ತವೇ ಸರಿ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಲ್ಯಾಂಡ್ ರೋವರಿನ ಮಾತೂ ಇದೇ.

ಕಾನೂನು ಬಂದ ಮೇಲೆ ಚಿತ್ರ ಬದಲಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 108ನೆಯ ಸುರಕ್ಷತಾ ನಿಯಮ 1969ರ ಜನವರಿ 1ರಿಂದ ಇಂಥ ಸಣ್ಣ ವಾಹನಗಳಿಗೂ ಅನ್ವಯವಾಗಿ, ಹಿನ್ನಡೆಯ ದೀಪ ಕಡ್ಡಾಯವಾಯಿತು. ಆದ್ದರಿಂದ ಅಲ್ಲಿ ಮಾರಾಟವಾದ ವಾಹನಗಳಿಗೆ 1969 ಒಂದು ಗಡಿಕಲ್ಲು. 1965ರ ಜೀಪಿನಲ್ಲಿ ಈ ದೀಪ ಕಂಡರೆ ಅದು ಹೆಚ್ಚಿನ ಹಣಕ್ಕೆ ಮಾರಾಟಗಾರ ಜೋಡಿಸಿಕೊಟ್ಟದ್ದಿರಬಹುದು, ಆಮೇಲೆ ಯಾವನೋ ರೈತ ತನ್ನ ಅನುಕೂಲಕ್ಕೆ ಕೂಡಿಸಿದ್ದೂ ಇರಬಹುದು. ಬ್ರಿಟನ್ನಿನಲ್ಲಾದರೋ, ವಾರ್ಷಿಕ ತಪಾಸಣೆಯಲ್ಲಿ ಈ ದೀಪವನ್ನು ನೋಡುವ ಪದ್ಧತಿ ಬಂದದ್ದು 2018ರಲ್ಲಿ. ಅದೂ 2009ರ ಸೆಪ್ಟೆಂಬರ್ 1ರಿಂದೀಚೆಗೆ ರಸ್ತೆಗಿಳಿದ ವಾಹನಗಳಿಗೆ ಮಾತ್ರ. ಹೀಗಾಗಿ ಒಂದೇ ಮಾದರಿಯ, ಒಂದೇ ವರ್ಷದ ಎರಡು ವಾಹನಗಳಲ್ಲಿ ಒಂದಕ್ಕೆ ದೀಪವಿದ್ದು ಇನ್ನೊಂದಕ್ಕೆ ಇಲ್ಲದಿರುವುದು ಸಾಧ್ಯ. ಯಾವ ವರ್ಷದ್ದು ಎಂದು ಕೇಳಿದರೆ ಸಾಲದು, ಯಾವ ದೇಶಕ್ಕೆ ಹೋದದ್ದು ಎಂದೂ ಕೇಳಬೇಕು.

ಇನ್ನು ದೀಪವನ್ನೇ ಸಾಕ್ಷಿಗೆ ಕರೆಯೋಣ. ಅದರ ಗಾಜಿನ ಮೇಲೆ ಉಬ್ಬಿದ ಪುಟ್ಟ ಅಕ್ಷರಗಳಿರುತ್ತವೆ. ಅಮೆರಿಕದ ದೀಪಗಳಲ್ಲಿ ಅಲ್ಲಿಯ ಮೋಟಾರು ಎಂಜಿನಿಯರುಗಳ ಸಂಘದ ಗುರುತಾದ ಎಸ್‌ಎಇ ಎಂಬುದು ಮೊದಲು ಬರುತ್ತದೆ. ಆಮೇಲೆ ದೀಪದ ಕೆಲಸವನ್ನು ಹೇಳುವ ಅಕ್ಷರಗಳು: 'ಆರ್' ಎಂದರೆ ಹಿನ್ನಡೆ, 'ಎಸ್' ಎಂದರೆ ಬ್ರೇಕು, 'ಟಿ' ಎಂದರೆ ಬಾಲದೀಪ, 'ಐ' ಎಂದರೆ ತಿರುವಿನ ಸೂಚನೆ. ಕೊನೆಗೆ ಎರಡು ಅಂಕಿಗಳು. ಇವನ್ನು ದೀಪ ತಯಾರಾದ ವರ್ಷವೆಂದು ಭಾವಿಸುವವರು ಬಹಳ. ವಾಸ್ತವವಾಗಿ ಅದು ದೀಪ ಅನುಸರಿಸಿದ ನಿಯಮದ ವರ್ಷ. 69 ಎಂಬ ಗುರುತಿನ ದೀಪ 1975ರಲ್ಲಿ ಅಚ್ಚಾಗಿರಬಹುದು. ಆದರೆ 73 ಎಂಬ ಗುರುತಿನ ದೀಪ 1970ರ ವಾಹನದೊಡನೆ ಕಾರ್ಖಾನೆಯಿಂದ ಬಂದಿರಲಾರದು. ಈ ಸಾಕ್ಷಿ ಒಪ್ಪುವುದಕ್ಕಿಂತ ತಳ್ಳಿಹಾಕುವುದಕ್ಕೆ ಹೆಚ್ಚು ಉಪಯುಕ್ತ.

ಯುರೋಪಿನದು ಬೇರೆ ಲಿಪಿ. 1958ರ ಜಿನೀವಾ ಒಪ್ಪಂದದಂತೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ: ಜರ್ಮನಿಗೆ 1, ಫ್ರಾನ್ಸಿಗೆ 2, ಇಟಲಿಗೆ 3, ಬ್ರಿಟನ್ನಿಗೆ 11. ಹಿನ್ನಡೆಯ ದೀಪವಾದರೆ 'ಎಆರ್' ಎಂಬ ಜೋಡಿಯಕ್ಷರ. ಜಪಾನು ಈ ಒಪ್ಪಂದಕ್ಕೆ ಸೇರಿದ್ದು 1998ರಲ್ಲಿ. ಅದರ ಸಂಖ್ಯೆ 43. ನಲವತ್ತರ ಸರಣಿಯ ಹಳೆಯ ಲ್ಯಾಂಡ್ ಕ್ರೂಸರುಗಳ ಕಾಲ 1960ರಿಂದ 1984. ಅಂಥ ವಾಹನದ ದೀಪದ ಮೇಲೆ 43 ಎಂದಿದ್ದರೆ, ಮಾರುವವನು ಎಷ್ಟು ಆಣೆಯಿಟ್ಟರೂ ಆ ದೀಪ ವಾಹನಕ್ಕಿಂತ ಕಿರಿಯದೇ.

ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪೆನಿ ತನ್ನ ಅನೇಕ ವಿದ್ಯುತ್ ಭಾಗಗಳ ಮೇಲೆ ತಿಂಗಳು, ವರ್ಷಗಳನ್ನು ಅಂಕಿಗಳಲ್ಲಿ ಒತ್ತುತ್ತಿತ್ತು. ಅಂಥ ತಾರೀಖು ವಾಹನದ ಹುಟ್ಟಿಗಿಂತ ಸ್ವಲ್ಪ ಹಿಂದಿನದಾಗಿರಬೇಕು. ಮುಂದಿನದಾದರೆ ಅದು ಬದಲಿ. ಹಳೆಯ ಗಾಜಿನಿಂದಲೇ ಅಚ್ಚು ತೆಗೆದು ಎರಕ ಹೊಯ್ದ ನಕಲುಗಳಲ್ಲಿ ಅಕ್ಷರಗಳ ಅಂಚು ಸವೆದ ನಾಣ್ಯದಂತೆ ಮೊಂಡಾಗಿರುತ್ತದೆ. ತಯಾರಕರ ಹೆಸರಿದ್ದ ಜಾಗ ಬೋಳಾಗಿರುವುದೂ ಉಂಟು.

ದೀಪ ಸುಳ್ಳು ಹೇಳಬಹುದು. ಅದು ಕುಳಿತ ತಗಡು ಅಷ್ಟು ಸುಲಭವಾಗಿ ಹೇಳದು. ದೀಪ ಬಿಚ್ಚಿ ರಂಧ್ರಗಳನ್ನು ನೋಡಬೇಕು. ಬಣ್ಣ ಬಳಿಯುವ ಮೊದಲೇ ಕೊರೆದ ರಂಧ್ರದ ಅಂಚಿಗೆ ಮೂಲ ಬಣ್ಣ ಇಳಿದಿರುತ್ತದೆ. ಆಮೇಲೆ ಕೊರೆದದ್ದರ ಅಂಚಿನಲ್ಲಿ ಬರಿಯ ಲೋಹ ಕಾಣುತ್ತದೆ. ಬಳಿಕ ವೈರನ್ನು ಹಿಡಿದು ಹೋಗಬೇಕು. ಬ್ರಿಟಿಷ್ ವಾಹನಗಳ ಸಂಕೇತದಲ್ಲಿ ಹಸಿರು ಮೈಗೆ ಕಂದು ಗೆರೆಯಿರುವ ವೈರು ಹಿನ್ನಡೆಯ ದೀಪದ್ದು. ಅದು ಉಳಿದ ವೈರುಗಳ ಜೊತೆ ಒಂದೇ ಹೊದಿಕೆಯೊಳಗೆ ಹಾದು, ಗೇರುಪೆಟ್ಟಿಗೆಯ ಸ್ವಿಚ್ಚಿನವರೆಗೆ ಹೋದರೆ ಸಾಕ್ಷಿ ಬಲವಾಯಿತು. ಹೊದಿಕೆಯ ಹೊರಗೆ ಟೇಪು ಸುತ್ತಿದ ಬೇರೆ ಬಣ್ಣದ ವೈರು ಡ್ಯಾಶ್‌ಬೋರ್ಡಿನ ಕೈಸ್ವಿಚ್ಚಿಗೆ ಹೋದರೆ, ಅದು ಬಹುಮಟ್ಟಿಗೆ ಯಾವುದೋ ಗ್ಯಾರೇಜಿನ ಕೈವಾಡ. ಕೊನೆಯ ಸಾಕ್ಷಿ ಕಾಗದದ್ದು: ಆ ಕಾಲದ ಬಿಡಿಭಾಗಗಳ ಪಟ್ಟಿ, ಮಾರಾಟದ ಕೈಪಿಡಿ, ಹಳೆಯ ಫೋಟೋಗಳು. ದೀಪ, ತಗಡು, ಕಾಗದ ಈ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ಮೂಲವೆನ್ನಬಹುದು.

ನಮ್ಮ ದೇಶದ ಜೀಪುಗಳಿಗೆ ಇನ್ನೊಂದು ಮಾತು ಸಲ್ಲುತ್ತದೆ. 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆ ಸ್ವಾತಂತ್ರ್ಯಾನಂತರ ವಿಲ್ಲೀಸ್ ಪರವಾನಗಿಯ ಮೇಲೆ ಮುಂಬಯಿಯಲ್ಲಿ ಜೀಪುಗಳನ್ನು ಕಟ್ಟಿತು. ಅಂಥ ಜೀಪು ನಮ್ಮಲ್ಲೇ ತಯಾರಾದ ದೀಪದೊಡನೆ ಹೊರಬಂದಿದ್ದರೆ ಅದರ ಮೂಲ ಆ ದೇಶೀಯ ದೀಪವೇ. ಅದನ್ನು ಕಿತ್ತು, ದುಬಾರಿ ಬೆಲೆಗೆ ಅಮೆರಿಕದಿಂದ ತರಿಸಿ ಕೂಡಿಸಿದರೆ ಜೀಪು ಹೆಚ್ಚು ಶುದ್ಧವಾಗುವುದಿಲ್ಲ. ತನ್ನ ಹುಟ್ಟೂರನ್ನು ಮರೆತಂತಾಗುತ್ತದೆ, ಅಷ್ಟೆ.

ಇಷ್ಟೆಲ್ಲ ಆದಮೇಲೂ ಒಂದು ಧರ್ಮಸಂಕಟ ಉಳಿಯುತ್ತದೆ. ಮೂಲದಲ್ಲಿ ದೀಪವಿರಲಿಲ್ಲವೆಂದು ಸಿದ್ಧವಾದ ವಾಹನವನ್ನು ರಾತ್ರಿ ಹಿಂದಕ್ಕೆ ಸರಿಸುವಾಗ ಅಲ್ಲಿ ಮಗುವೊಂದು ನಿಂತಿದ್ದರೆ? ಚರಿತ್ರೆಯ ನಿಷ್ಠೆಗಾಗಿ ಒಂದು ಜೀವವನ್ನು ಪಣಕ್ಕಿಡುವುದು ವಿವೇಕವಲ್ಲ. ರಸ್ತೆಯಲ್ಲಿ ಓಡುವ ವಾಹನಕ್ಕೆ ದೀಪ ಇರಲಿ. ಆದರೆ ಹೊಸ ರಂಧ್ರ ಕೊರೆಯದೆ, ಬೇಕೆಂದಾಗ ಬಿಚ್ಚಿಡುವಂತೆ ಪಟ್ಟಿಯೊಂದಕ್ಕೆ ಅದನ್ನು ಬಿಗಿಯಲಿ. ವಾಹನದ ಕಾಗದಗಳಲ್ಲಿ, ಇದು ಇಂಥ ವರ್ಷ ಸೇರಿಸಿದ್ದು ಎಂದು ಒಂದು ಸಾಲು ಬರೆದಿಡಲಿ. ಒಳ್ಳೆಯ ಸಂಪಾದಕ ತಾನು ಸೇರಿಸಿದ ಅಕ್ಷರವನ್ನು ಕಂಸದಲ್ಲಿಡುತ್ತಾನೆ. ಓದುವವನಿಗೂ ತೊಡಕಿಲ್ಲ, ಕವಿಗೂ ಅನ್ಯಾಯವಿಲ್ಲ. ಹಳೆಯ ವಾಹನಕ್ಕೆ ಹೊಸ ದೀಪ ಕಟ್ಟುವವನಿಂದ ನಾವು ಕೇಳಬಹುದಾದ ಪ್ರಾಮಾಣಿಕತೆಯೂ ಇಷ್ಟೇ.