ನಿಂದನೆಗೆ ನಿಂದನೆ ಉತ್ತರವಲ್ಲ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಆತನ ಕೃಪೆ, ಶಾಂತಿ ಇರಲಿ.



ನಮ್ಮ ಧರ್ಮವನ್ನು ಹೀಯಾಳಿಸುವ ಸಂದೇಶಗಳು ದಿನವೂ ನಮ್ಮ ಮಕ್ಕಳ ಮೊಬೈಲ್‌ಗೆ ಬರುತ್ತಿವೆ. ನೋಡಿದಾಗ ಮನಸ್ಸು ನೋಯುವುದು ಸಹಜ. ಆದರೆ ಪ್ರತಿಯಾಗಿ ಅವರ ದೇವರುಗಳನ್ನು ಲೇವಡಿ ಮಾಡುವ ಚಿತ್ರವೊಂದನ್ನು ಕಳುಹಿಸಿದರೆ ದೀನಿನ ರಕ್ಷಣೆಯಾಗುವುದೇ?

ಇತರರು ಆರಾಧಿಸುವವುಗಳನ್ನು ನಿಂದಿಸಬಾರದೆಂದು ಸೂರಃ ಅಲ್ ಅನ್‌ಆಮ್‌ನ 108ನೇ ವಚನವು ಸ್ಪಷ್ಟವಾಗಿ ತಡೆಯುತ್ತದೆ. ಕಾರಣವನ್ನೂ ಅಲ್ಲಿಯೇ ತಿಳಿಸಲಾಗಿದೆ: ನಾವು ನಿಂದಿಸಿದರೆ ಅವರು ಅರಿವಿಲ್ಲದೆ, ಹಗೆಯಿಂದ ಅಲ್ಲಾಹನನ್ನೇ ನಿಂದಿಸಿಯಾರು. ಅಂದರೆ ನಮ್ಮ ಒಂದು ಕೆಟ್ಟ ಮಾತು ಅಲ್ಲಾಹನ ನಿಂದನೆಗೆ ಬಾಗಿಲು ತೆರೆಯುತ್ತದೆ. ಈ ಸೂರಃ ಅವತೀರ್ಣವಾದದ್ದು ಮಕ್ಕಾದಲ್ಲಿ. ಮುಸ್ಲಿಮರು ಬೈಗುಳವನ್ನೂ ಹೊಡೆತವನ್ನೂ ಸಹಿಸುತ್ತಿದ್ದ ಕಾಲವದು. ಅಂದಿನವರಿಗೇ ಇಲ್ಲದ ವಿನಾಯಿತಿ ಇಂದು ನಮಗೆ ಎಲ್ಲಿಂದ ಬಂತು?

ಮೂಸಾ(ಅ) ಮತ್ತು ಹಾರೂನ್(ಅ)ರನ್ನು ಫಿರ್‌ಔನನ ಬಳಿಗೆ ಕಳುಹಿಸುವಾಗಲೂ ಮೃದುವಾಗಿ ಮಾತನಾಡಿರೆಂದು ಅಲ್ಲಾಹನು ಆಜ್ಞಾಪಿಸಿದನು. ನಮ್ಮ ನೆರೆಯವರು ಫಿರ್‌ಔನನಿಗಿಂತ ಕೆಟ್ಟವರಲ್ಲ. ನಾವು ಮೂಸಾ(ಅ)ರಿಗಿಂತ ಶ್ರೇಷ್ಠರೂ ಅಲ್ಲ.

ಬುಖಾರಿಯಲ್ಲಿ ವರದಿಯಾದ ಒಂದು ಘಟನೆ ನೋಡಿ. ಸಹ್ಲ್ ಬಿನ್ ಹುನೈಫ್(ರ) ಮತ್ತು ಕೈಸ್ ಬಿನ್ ಸಅದ್(ರ) ಕಾದಿಸಿಯ್ಯಾದಲ್ಲಿ ಕುಳಿತಿದ್ದಾಗ ಒಂದು ಶವಯಾತ್ರೆ ಹಾದುಹೋಯಿತು. ಇಬ್ಬರೂ ಎದ್ದು ನಿಂತರು. ಮೃತರು ಮುಸ್ಲಿಮರಲ್ಲ ಎಂದು ಜನರು ತಿಳಿಸಿದಾಗ, ಅವರು ಪ್ರವಾದಿಯವರನ್ನು(ಸ) ನೆನಪಿಸಿದರು. ಯಹೂದಿಯೊಬ್ಬರ ಶವ ಹಾದುಹೋದಾಗ ಪ್ರವಾದಿಯವರೂ(ಸ) ಎದ್ದು ನಿಂತಿದ್ದರು. ಅದು ಯಹೂದಿಯ ಶವವೆಂದು ಹೇಳಿದವರನ್ನು, ಅದೂ ಒಂದು ಜೀವವಲ್ಲವೇ ಎಂಬರ್ಥದಲ್ಲಿ ಮರುಪ್ರಶ್ನಿಸಿದ್ದರು. ಪ್ರವಾದಿಯವರ(ಸ) ಒಂದು ನಡೆ ವರ್ಷಗಳ ಬಳಿಕ, ದೂರದ ಇರಾಕಿನಲ್ಲಿ ಸಂಗಾತಿಗಳ ನಡೆಯಾಗಿ ಉಳಿದಿತ್ತು.

ಸಹೋದರರೇ, ಗೌರವವೆಂದರೆ ವಿಶ್ವಾಸಗಳನ್ನು ಬೆರೆಸುವುದಲ್ಲ. ತೌಹೀದ್‌ನಲ್ಲಿ ನಮಗೆ ರಾಜಿಯಿಲ್ಲ. ನೆರೆಯವರ ಹಬ್ಬದ ಆರಾಧನೆಯಲ್ಲಿ ನಾವು ಪಾಲ್ಗೊಳ್ಳುವುದಿಲ್ಲ. ಆದರೆ ಅದನ್ನು ಮುಖ ಸಿಂಡರಿಸದೆ, ನಯವಾಗಿ ತಿಳಿಸಲು ಸಾಧ್ಯ. ಅವರು ಕಾಯಿಲೆ ಬಿದ್ದರೆ ವಿಚಾರಿಸುವುದಕ್ಕೂ ಸಾವಿನ ಮನೆಗೆ ಹೋಗಿ ಸಾಂತ್ವನ ಹೇಳುವುದಕ್ಕೂ ನಮ್ಮ ವಿಶ್ವಾಸ ಅಡ್ಡಿಯಲ್ಲ. ಪ್ರಶ್ನೆ ಕೇಳಿದರೆ ತಿಳಿದಷ್ಟನ್ನು ಸಮಾಧಾನದಿಂದ ಹೇಳೋಣ. ತಿಳಿಯದಿದ್ದರೆ ವಿದ್ವಾಂಸರಲ್ಲಿ ಕೇಳಿ ಹೇಳೋಣ.

ಮಕ್ಕಳು ಇದನ್ನು ಕಲಿಯುವುದು ಮೊದಲು ಮನೆಯಲ್ಲಿ. ಊಟಕ್ಕೆ ಕುಳಿತಾಗ ಪಕ್ಕದ ಮನೆಯವರ ದೇವರನ್ನು ಹಾಸ್ಯಮಾಡಿ, ಹೊರಗೆ ಸೌಹಾರ್ದದ ಮಾತಾಡಿದರೆ ಮಕ್ಕಳು ಕಲಿಯುವುದು ಕಪಟವನ್ನೇ. ಅಂತಹ ಸಂದೇಶ ಬಂದರೆ ಅಳಿಸೋಣ, ಮುಂದೆ ಕಳುಹಿಸದಿರೋಣ.

ಅಲ್ಲಾಹನು ನಮ್ಮ ನಾಲಗೆಯನ್ನೂ ಬೆರಳುಗಳನ್ನೂ ಕೆಡುಕಿನಿಂದ ಕಾಪಾಡಲಿ. ನಮ್ಮ ವಿಶ್ವಾಸವನ್ನು ದೃಢಗೊಳಿಸಿ, ನಡತೆಯನ್ನು ಸುಂದರಗೊಳಿಸಲಿ. ಆಮೀನ್.