ಪೀಠದ ಮೇಲಿನ ಹೆಸರು



ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. 1955ರಲ್ಲಿ ಜಗದ್ಗುರು 12ನೇ ಪಯಸ್‌ರವರು ಘೋಷಿಸಿದ್ದು.

ನಮ್ಮ ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದಾಗ ವಿಗ್ರಹಗಳ ಪೀಠಗಳನ್ನೂ ನೋಡಿ. 13ನೇ ಶತಮಾನದ ಶಿಲ್ಪಿ ಮಲ್ಲಿತಮ್ಮ ಸುಮಾರು 40 ಮೂರ್ತಿಗಳ ಕೆಳಗೆ ತನ್ನ ಹೆಸರು ಕೊರೆದಿದ್ದಾನೆ. ಯಾವ ಕೆಲಸ ಯಾರದೆಂದು ಇಂದಿಗೂ ತಿಳಿಯುತ್ತದೆ.

ನಾವೋ, ಸಂಬಳ ಹೆಚ್ಚಿಸಿರೆಂದು ಕೇಳುವಾಗ ಮನೆಯ ಕಷ್ಟ ಹೇಳಿಕೊಳ್ಳುತ್ತೇವೆ; ಮಾಡಿದ ಕೆಲಸ ಹೇಳಲು ನಾಚುತ್ತೇವೆ. ವರ್ಷವಿಡೀ ಏನು ಮಾಡಿದೆವು, ಯಾವ ಹೊಸ ಹೊಣೆ ಹೊತ್ತೆವು, ಅದೇ ಕೆಲಸಕ್ಕೆ ಬೇರೆಡೆ ಎಷ್ಟು ಕೊಡುತ್ತಾರೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಅದನ್ನು ಮುಂದಿಟ್ಟು ಕೇಳುವುದು ದುರಾಸೆಯಲ್ಲ. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರೂ ಹೊಟ್ಟೆಗೆ ಸಾಲದ ಕೂಲಿ ಅನ್ಯಾಯವೇ ಎಂದು ಜಗದ್ಗುರು 13ನೇ ಲಿಯೋರವರು 1891ರಲ್ಲೇ ಬರೆದರು.

ನಾಳೆ ನಮ್ಮ ಮನೆಗೆಲಸದಾಕೆ ಇಂಥದೇ ನೋಟ್‌ಬುಕ್ ಹಿಡಿದು ಬಂದರೆ? ಕುರ್ಚಿ ಕೊಟ್ಟು ಕೂರಿಸಿ, ಪೂರ್ತಿ ಓದೋಣ.