ಗಾಳಿಯಲ್ಲಿನ ಲೇಶಮಾತ್ರ ಆವಿಗಳ ಪತ್ತೆ

(ಭಾಂಡುಪಿನಲ್ಲಿ ನೀಡಿದ ಉಪನ್ಯಾಸದ ಪಾಠ)



2020ರ ಜೂನ್ 6ರ ರಾತ್ರಿ ಚೆಂಬೂರು, ಘಾಟ್‌ಕೋಪರ್, ವಿಕ್ರೋಲಿ, ಪೊವಾಯಿ ಹಾಗೂ ತಮ್ಮ ನೆರೆಯ ಕಾಂಜೂರ್‌ಮಾರ್ಗದಿಂದ ಅನಿಲದ ವಾಸನೆಯ ಬಗೆಗೆ ದೂರುಗಳು ಬಂದುದು ತಮಗೆ ನೆನಪಿರಬಹುದು. ಅಗ್ನಿಶಾಮಕ ದಳದ ವಾಹನಗಳು ಧಾವಿಸಿದವು. ಅಂಥ ಹೊತ್ತಿನಲ್ಲಿ ಏಳುವ ಪ್ರಶ್ನೆ, ಇದು ಯಾವ ಅನಿಲ, ಅಪಾಯಕರವೇ ಎಂಬುದು. ಇದಕ್ಕೆ ಮೂಗು ಉತ್ತರ ಹೇಳಲಾರದು.

ಅಡುಗೆ ಅನಿಲಕ್ಕೆ ಸ್ವತಃ ವಾಸನೆ ಇಲ್ಲವೆನ್ನಬಹುದು. ಸೋರಿಕೆ ತಿಳಿಯಲೆಂದು ಅದಕ್ಕೆ ಮರ್ಕ್ಯಾಪ್ಟಾನ್ ಎಂಬ ಗಂಧಕಯುಕ್ತ ವಸ್ತುವನ್ನು ಬೆರೆಸುತ್ತಾರೆ. ನೂರು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಇದು ಮೂಗಿಗೆ ತಿಳಿಯುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನಿನ ರೀತಿಯೇ ಬೇರೆ. ಇದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. 2009ರ ರಾಷ್ಟ್ರೀಯ ಮಾನಕದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಇದರ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಕೂಡದು. ಅಷ್ಟು ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ; ಅಂದರೆ 24 ಕೋಟಿ ಪಾಲಿನಲ್ಲಿ ಒಂದು ಪಾಲು. ಅದು ಇದರ ನೂರಾರು ಪಟ್ಟು ಹೆಚ್ಚಿದ ಮೇಲೆಯೇ ಮೂಗಿಗೆ ಸುಳಿವು ಸಿಗುವುದು.

ಇಷ್ಟು ಅಲ್ಪವನ್ನು ಅಳೆಯಬೇಕಾದರೆ ಮೊದಲು ಅದನ್ನು ಕೂಡಿಹಾಕಬೇಕು. ಪೆನ್ಸಿಲಿನಷ್ಟು ಸಪೂರವಾದ ಗಾಜಿನ ನಳಿಕೆಯಲ್ಲಿ ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನ ಹರಳುಗಳನ್ನು ತುಂಬಿ, ಪುಟ್ಟ ಪಂಪಿನಿಂದ ಗೊತ್ತಾದ ಪ್ರಮಾಣದ ಗಾಳಿಯನ್ನು ಅದರ ಮೂಲಕ ಎಳೆಯಲಾಗುತ್ತದೆ. ಗಾಳಿ ಹಾದುಹೋಗುತ್ತದೆ, ಆವಿ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ: ತೇವಾಂಶವೂ ಇದ್ದಿಲಿನಲ್ಲಿ ಜಾಗ ಹಿಡಿದು ಆವಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಜೊತೆಗೆ, ಗಾಳಿ ಎಳೆಯದ ಮತ್ತೊಂದು ನಳಿಕೆಯನ್ನೂ ಅದೇ ಸ್ಥಳಕ್ಕೆ ಒಯ್ದು ತರುತ್ತಾರೆ. ಅದರಲ್ಲಿಯೂ ಬೆಂಜೀನ್ ಕಂಡುಬಂದರೆ, ಅದು ಸ್ಥಳದ ಗಾಳಿಯದಲ್ಲ, ದಾರಿಯಲ್ಲಿಯೋ ಪ್ರಯೋಗಾಲಯದಲ್ಲಿಯೋ ಸೇರಿಕೊಂಡುದು. ಈ ಖಾಲಿ ನಳಿಕೆಯ ಲೆಕ್ಕವಿಲ್ಲದ ವರದಿಯನ್ನು ನಾನಂತೂ ನಂಬಲಾರೆ.

ಅನಂತರ ಆವಿಯನ್ನು ಇದ್ದಿಲಿನಿಂದ ಬಿಡಿಸಿ, ಗ್ಯಾಸ್ ಕ್ರೊಮೆಟೋಗ್ರಾಫ್ ಯಂತ್ರದ ಹತ್ತಾರು ಮೀಟರ್ ಉದ್ದದ ಸೂಕ್ಷ್ಮ ಕೊಳವೆಯಲ್ಲಿ ಹಾಯಿಸುತ್ತಾರೆ. ಸಾಮಾನ್ಯವಾಗಿ ಬೆಂಜೀನ್ ಮೊದಲು, ಟಾಲ್ಯೂಯಿನ್ ಅನಂತರ, ಜೈಲೀನ್ ಆಮೇಲೆ ಹೊರಬರುತ್ತವೆ. ತುದಿಯಲ್ಲಿರುವ ಹೈಡ್ರೊಜನ್ ಜ್ವಾಲೆಯಲ್ಲಿ ಅವು ಉರಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಅಳೆದು ಪ್ರಮಾಣವನ್ನು ನಿರ್ಧರಿಸಲಾಗುತ್ತದೆ. ಎರಡು ವಸ್ತುಗಳು ಒಂದೇ ಹೊತ್ತಿಗೆ ಹೊರಬಂದರೆ ಗುರುತು ಹಿಡಿಯಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕಾಗುತ್ತದೆ.

ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ರಾತ್ರಿ ಚದುರಿಹೋದ ಆವಿಯನ್ನು ಮರುದಿನ ಹಿಡಿಯಲಾರದು. ಆದುದರಿಂದ ಕಾಂಜೂರ್‌ಮಾರ್ಗದ ಕಸದ ಮೈದಾನದ ಕಡೆಯಿಂದಾಗಲಿ, ಬೇರೆಲ್ಲಿಂದಲೇ ಆಗಲಿ ವಾಸನೆ ಬಂದಾಗ ಕೂಡಲೇ ಮಹಾನಗರ ಪಾಲಿಕೆಯ 1916ಕ್ಕೆ ತಿಳಿಸಿರಿ. ವಾಸನೆ ಬಂದ ಹೊತ್ತು, ಇದ್ದ ಅವಧಿ, ಗಾಳಿ ಬೀಸುತ್ತಿದ್ದ ದಿಕ್ಕು ಇವನ್ನು ಬರೆದಿಡಿರಿ. ಮುಂದಿನ ಬಾರಿ ನಳಿಕೆಯನ್ನು ಎಲ್ಲಿ, ಯಾವಾಗ ಇರಿಸಬೇಕೆಂಬುದು ಆ ಟಿಪ್ಪಣಿಯಿಂದ ತಿಳಿಯುತ್ತದೆ.